ಹೇಳಿದವರೇ ಏರಬೇಕು

ಬೇರೆ ಊರುಗಳಲ್ಲಿ ಮಳೆಗಾಲ, ಚಳಿಗಾಲ, ಬೇಸಿಗೆ ಅಂತ ಸರದಿಯ ಪ್ರಕಾರ ಬಂದು ಹೋಗುತ್ತವಂತೆ. ಈ ಊರಿನಲ್ಲಿ ಮೂರೂ ಒಂದೇ ದಿನ ಬರುತ್ತವೆ, ಅದೂ ಹೇಳದೆ ಕೇಳದೆ, ಬೇಡದ ನೆಂಟರ ಹಾಗೆ. ಬೆಳಿಗ್ಗೆ ಬೆವರು ಒರೆಸಿಕೊಳ್ಳುತ್ತ ಮನೆ ಬಿಟ್ಟವನು ಮಧ್ಯಾಹ್ನ ಹಲ್ಲು ಕಟಕಟ ಎನ್ನಿಸುತ್ತ ಬಸ್ ಸ್ಟಾಪಿನಲ್ಲಿ ನಿಂತಿರುತ್ತಾನೆ. ಕೊಡೆ ಹಿಡಿದ ದಿನ ಬಿಸಿಲು, ಕೊಡೆ ಮರೆತ ದಿನ ಮಳೆ. ರಸ್ತೆಯ ಈ ಬದಿಯವರು ತೊಯ್ದು ತೊಪ್ಪೆಯಾಗಿದ್ದರೆ ಆ ಬದಿಯಲ್ಲಿ ಧೂಳು ಏಳುತ್ತಿರುತ್ತದೆ. ಇಂಥ ಊರಿನಲ್ಲಿ ಮನುಷ್ಯ ಏನು ಬೇಕಾದರೂ ಮಾಡಿಕೊಂಡು ಬದುಕಬಹುದು. ಬಟ್ಟೆ ಒಗೆದು ಒಣಗಿಸಿ ಬದುಕುತ್ತೇನೆ ಅಂದರೆ ಮಾತ್ರ ಅವನ ತಲೆ ನೆಟ್ಟಗಿಲ್ಲ ಎಂದೇ ಅರ್ಥ.

ಮೋಡದಕ್ಕನ ಮನೆಯವರು ಎರಡು ತಲೆಮಾರಿನಿಂದ ಅದನ್ನೇ ಮಾಡಿಕೊಂಡು ಬಂದಿದ್ದರು.

ಮೋಡದಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ನಡೆಯುವಾಗ ಅವಳ ಕಣ್ಣು ನೆಲದ ಮೇಲೆ ಇದ್ದದ್ದನ್ನು ಯಾರೂ ಕಂಡವರಿಲ್ಲ. ಚೆನ್ನಾಗಿದ್ದೀರಾ ಎಂದು ಕೇಳಿದರೆ ಮೊದಲು ಮೇಲೆ ನೋಡಿ ಆಮೇಲೆ ಉತ್ತರ ಕೊಡುತ್ತಿದ್ದಳು. ಒಂದು ಸಲ ಹೀಗೆ ಮೇಲೆ ನೋಡುತ್ತ ನಡೆದು ಬೇಕರಿಯವನ ಸೈಕಲ್ಲಿಗೆ ಡಿಕ್ಕಿ ಹೊಡೆದಿದ್ದಳು, ಅದೂ ನಿಂತಿದ್ದ ಸೈಕಲ್ಲಿಗೆ.

ಮನೆ ಎಂದರೆ ಒಂದರ ಮೇಲೊಂದು ಇಟ್ಟ ಡಬ್ಬಗಳು. ಕೆಳಗೆ ಲಾಂಡ್ರಿ: ಮುಂದೆ ಇಸ್ತ್ರಿ ಮೇಜು, ಹಿಂದೆ ಒಗೆಯುವ ತೊಟ್ಟಿ, ಹಿಂಡುವ ಮಷೀನು. ನಡುವೆ ಇರುವುದಕ್ಕೆ ಎರಡು ಕೋಣೆ. ಮೇಲೆ ತಾರಸಿ, ತಾರಸಿಯ ತುಂಬ ಹಗ್ಗ, ಮೆಟ್ಟಿಲು ಮುಗಿಯುವ ಕಡೆ ತಗಡಿನ ಮಾಡಿನ ಒಂದು ಸಣ್ಣ ಗೂಡು. ಆ ಮೆಟ್ಟಿಲುಗಳನ್ನು ಕಟ್ಟಿದವನು ಮನುಷ್ಯರಿಗೆ ಕಟ್ಟಿದನೋ ಕೋತಿಗಳಿಗೆ ಕಟ್ಟಿದನೋ ತಿಳಿಯದಷ್ಟು ಕಡಿದು. ಒಣಗಿಸುವ ಮಷೀನು ತರಬಾರದೇ ಎಂದು ಕೇಳುವವರು ಬೇಕಾದಷ್ಟು ಜನ ಇದ್ದರು. ತಂದು ನೋಡಿದ್ದರು. ಅದನ್ನು ಹಾಕಿದ ಕೂಡಲೇ ಮನೆಯ ಫ್ಯೂಸ್ ಹೋಗಿ, ಜೊತೆಗೆ ಎದುರು ಬೇಕರಿಯ ದೀಪಗಳೂ ಆರಿ, ಬೇಕರಿಯವನು ಹಿಟ್ಟು ಮೆತ್ತಿದ ಕೈಯಲ್ಲೇ ಜಗಳಕ್ಕೆ ಬಂದಿದ್ದ. ಹಳೇ ಮನೆ, ಹಳೇ ತಂತಿ. ಮಷೀನು ಬಂದ ದಾರಿಯಲ್ಲೇ ವಾಪಸ್ ಹೋಯಿತು. ಒಣಗುವುದಿದ್ದರೆ ಬಿಸಿಲಿಗೇ ಒಣಗಬೇಕು, ಬಿಸಿಲು ಬರುವುದು ಬಿಡುವುದು ಆಕಾಶದ ಮರ್ಜಿ.

ಆ ಮರ್ಜಿ ತಿಳಿಯುವುದಕ್ಕೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಗಂಡನದು ಬೇಕರಿಯ ಹೊಗೆ. ಹೊಗೆ ನೆಟ್ಟಗೆ ಏರಿದರೆ ಬಿಸಿಲು, ಬಗ್ಗಿ ಬೀದಿಗೆ ಇಳಿದರೆ ಮಳೆ. ಬೇಕರಿಗೆ ರಜೆ ಇದ್ದ ದಿನ ಅವನ ಶಾಸ್ತ್ರಕ್ಕೂ ರಜೆ. ಮಗಳದು ಫೋನು.

"ಮೂವತ್ತು ಪರ್ಸೆಂಟ್ ಮಳೆ ಅಮ್ಮ," ಎನ್ನುತ್ತಿದ್ದಳು ಅವಳು.

"ಮೂವತ್ತು ಪರ್ಸೆಂಟ್ ಅಂದ್ರೆ ಬಟ್ಟೆ ಹಾಕ್ಲೋ ಬೇಡ್ವೋ?"

"ಅದನ್ನ ಇದು ಹೇಳಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ಇಷ್ಟೆಲ್ಲ ಉಪಗ್ರಹ ಹಾರಿಸಬೇಕಿತ್ತೇ ಎಂದು ಮೋಡದಕ್ಕನಿಗೆ ಮೈ ಉರಿಯುತ್ತಿತ್ತು. ಅತ್ತೆಯದು ಎಡಮಂಡಿ. ಅದು ಚುಚ್ಚಿದರೆ ಮಳೆ ಎಂದು ಅವರ ಲೆಕ್ಕ. ಆದರೆ ಆ ಮಂಡಿ ಚಳಿಗೂ ಚುಚ್ಚುತ್ತಿತ್ತು, ಹೆಚ್ಚು ಹೊತ್ತು ಕೂತರೂ ಚುಚ್ಚುತ್ತಿತ್ತು, ಸೊಸೆಯ ಮೇಲೆ ಸಿಟ್ಟು ಬಂದಾಗಲೂ ಚುಚ್ಚುತ್ತಿತ್ತು. ಹಾಗಾಗಿ ಅದು ನಿಜ ಹೇಳಿದ್ದಕ್ಕಿಂತ ಸುಳ್ಳು ಹೇಳಿದ್ದೇ ಹೆಚ್ಚು. ಮೋಡದಕ್ಕನದು ಬಾಗಿಲು. ತಾರಸಿಯಿಂದಲೋ ಅತ್ತೆಯ ಕಿಟಕಿಯಿಂದಲೋ ಉತ್ತರಕ್ಕೆ ನೋಡಿದರೆ ಎರಡು ಎತ್ತರದ ಕಟ್ಟಡಗಳ ನಡುವೆ ಒಂದು ಸಂದು ಇತ್ತು, ಅದಕ್ಕೆ ಅವಳು ಬಾಗಿಲು ಎನ್ನುತ್ತಿದ್ದಳು. ಮೋಡ ಬಾಗಿಲಿಗೆ ಬಂತೆಂದರೆ ಒಂದು ಪ್ಯಾಂಟಿಗೆ ಇಸ್ತ್ರಿ ಹಾಕಿ ಮುಗಿಸುವಷ್ಟರಲ್ಲಿ ತಲೆಯ ಮೇಲೆ ಬರುತ್ತದೆ. ಬಂದರೆ. ಎಷ್ಟೋ ಸಲ ಅದು ಬಾಗಿಲ ತನಕ ಬಂದು, ಇಣುಕಿ ನೋಡಿ, ಏನೋ ಮರೆತವರಂತೆ ವಾಪಸ್ ಹೋಗಿಬಿಡುತ್ತಿತ್ತು.

ಶಾಸ್ತ್ರ ನಾಲ್ಕು, ಮೆಟ್ಟಿಲು ಏರುವ ಕಾಲು ಮಾತ್ರ ಎರಡು. ಎರಡೂ ಮೋಡದಕ್ಕನವೇ. "ಮಳೆ ಬರೋ ಹಾಗಿದೆ ನೋಡು," ಎಂದು ಗಂಡ ಇಸ್ತ್ರಿ ಮೇಜಿನ ಹಿಂದಿನಿಂದ. "ಅಮ್ಮ, ಮಳೆಯಂತೆ," ಎಂದು ಮಗಳು ಹಾಸಿಗೆಯ ಮೇಲಿನಿಂದ. "ಏನೇ, ಮಳೆ ಬರುತ್ತೆ ಕಣೇ," ಎಂದು ಅತ್ತೆ ಕಿಟಕಿಯ ಪಕ್ಕದ ಮಂಚದಿಂದ. ಹೇಳಿದವರು ಹೇಳಿದಲ್ಲೇ, ಓಡುವವಳು ಇವಳು. ಒಂದು ದಿನ ಒದ್ದೆ ಬೆಡ್‌ಶೀಟುಗಳ ರಾಶಿ ಹೊತ್ತು ಇಳಿಯುವಾಗ ಕಾಲು ಜಾರಿ, ಉಳಿದ ಮೆಟ್ಟಿಲುಗಳನ್ನು ಕೂತುಕೊಂಡೇ ಇಳಿದಳು. ಇಳಿದವಳು ಏಳಲಿಲ್ಲ, ಅಲ್ಲೇ ಕೂತು ಕಾನೂನು ಮಾಡಿದಳು.

"ಎಲ್ಲರೂ ಕಿವಿಗೊಟ್ಟು ಕೇಳಿ. ಇವತ್ತಿಂದ ಈ ಮನೇಲಿ ಯಾರು ಮೊದಲು ಮಳೆ ಅಂತಾರೋ ಅವರೇ ಮೇಲೆ ಹೋಗ್ಬೇಕು. ಮೇಲಿರೋದನ್ನೆಲ್ಲ ಅವರೇ ಇಳಿಸ್ಬೇಕು. ಹೇಳಿದವರೇ ಏರ್ಬೇಕು. ಬಾಯಿಗೇನು ಖರ್ಚು ಅಂತ ತಾನೇ ಹೇಳ್ತಾ ಇರೋದು, ಇನ್ನು ಕಾಲಿಗೂ ಸ್ವಲ್ಪ ಖರ್ಚು ಬರ್ಲಿ."

ಅವತ್ತಿನಿಂದ ಆ ಮನೆಯಲ್ಲಿ ಮಳೆ ಎನ್ನುವ ಮಾತು ನಿಂತುಹೋಯಿತು. ಮಳೆ ನಿಲ್ಲಲಿಲ್ಲ, ಮಾತು ನಿಂತಿತು. ಗಂಡ ಅಂಗಡಿಯ ಬಾಗಿಲಲ್ಲಿ ನಿಂತು, "ಗಾಳಿ ಸ್ವಲ್ಪ ತಂಪಾಯ್ತು ಅಲ್ವಾ," ಎಂದು ಯಾರಿಗೂ ಅಲ್ಲದ ಹಾಗೆ ಹೇಳುತ್ತಿದ್ದ. ಮಗಳು, "ಅಮ್ಮ, ಓದೋಕೆ ಬೆಳಕು ಸಾಲ್ತಿಲ್ಲ, ಲೈಟ್ ಹಾಕ್ಲಾ?" ಎಂದು ಕೇಳುತ್ತಿದ್ದಳು. ಅವಳು ಓದುವುದು ಫೋನಿನಲ್ಲಿ, ಅದಕ್ಕೆ ಯಾವ ಲೈಟು? ಎಲ್ಲರಿಗೂ ಮೋಡ ಕಾಣುತ್ತಿತ್ತು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಕಾಯುತ್ತಿದ್ದರು. ಕೊನೆಗೆ ತಡೆಯಲಾರದೆ ಬಾಯಿ ಬಿಡುತ್ತಿದ್ದವಳು ಮೋಡದಕ್ಕನೇ. ಕಾನೂನು ಮಾಡಿದವಳೇ ಕಾನೂನಿನ ಪ್ರಕಾರ ಏರಬೇಕಾಗಿ ಬಂತು. ಮಾಡಿದ್ದುಣ್ಣೋ ಮಾರಾಯ ಎನ್ನುವುದು ಇದಕ್ಕೇ ಇರಬೇಕು.

ಅತ್ತೆ ಒಬ್ಬರು ಮಾತ್ರ ಹೆದರದೆ ಮಳೆ ಎನ್ನುತ್ತಿದ್ದರು. ಅವರಿಗೇನು, ಮಂಡಿ ಕೈಕೊಟ್ಟು ವರ್ಷಗಳಾಗಿದ್ದವು. ಮಂಚದಿಂದ ಬಚ್ಚಲು, ಬಚ್ಚಲಿನಿಂದ ಮಂಚ, ಅಷ್ಟೇ ಅವರ ಓಡಾಟ.

"ಅಜ್ಜಿ ಹೇಳೋದು, ನಾವು ಹತ್ತೋದಾ? ಇದು ಮೋಸ," ಎಂದಳು ಮಗಳು ಒಂದು ದಿನ.

ಮೋಡದಕ್ಕನಿಗೂ ಅವತ್ತು ಮಂಡಿಯ ಮಾತು ನಂಬಿ ಹತ್ತಿ ಇಳಿದು ಸೊಂಟ ಹಿಡಿದಿತ್ತು. "ಸರಿ ಬಿಡು, ಅಜ್ಜಿ ಹೇಳಿದ್ದು ಲೆಕ್ಕಕ್ಕಿಲ್ಲ," ಎಂದುಬಿಟ್ಟಳು. ಗಂಡ ನಕ್ಕ, ಮಗಳು ನಕ್ಕಳು, ಇವಳೂ ನಕ್ಕಳು. ಅತ್ತೆ ನಗಲಿಲ್ಲ. ಆ ತಾರಸಿಯ ಹಗ್ಗಗಳನ್ನು ಮೊದಲು ಎಳೆದು ಕಟ್ಟಿದವರು ಅವರು. ಮೋಡದಕ್ಕ ಆ ಮನೆಗೆ ಸೊಸೆಯಾಗಿ ಬಂದಾಗ ಬಾಗಿಲನ್ನು ಬೆರಳು ಮಾಡಿ ತೋರಿಸಿದವರೂ ಅವರೇ.

"ಆಯ್ತಮ್ಮ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದು ಹೇಳಿ ಕಿಟಕಿಯ ಕಡೆ ಮುಖ ಮಾಡಿದರು.

ಮೋಡದಕ್ಕನಿಗೆ ಒಳಗೆ ಚುರುಕ್ ಎಂದಿತು. ಒಂದು ಮಾತು ಹೇಳಬೇಕು ಅಂದುಕೊಂಡಳು, ಅಷ್ಟರಲ್ಲಿ ಕೆಳಗೆ ತೊಟ್ಟಿ ತುಂಬಿ ಹರಿಯುವ ಸದ್ದು ಕೇಳಿ ಓಡಿದಳು. ಆ ಮಾತು ಹಾಗೇ ಉಳಿಯಿತು.

ಹೀಗಿರುವಾಗ ಅಣ್ಣನ ಫೋನು ಬಂತು. ಮೋಡದಕ್ಕನ ಅಣ್ಣ ಊರಿನ ಆ ತುದಿಯ ದೊಡ್ಡ ಹೋಟೆಲಿನಲ್ಲಿ ಮ್ಯಾನೇಜರು. ತಂಗಿಯನ್ನು ಕಂಡಾಗಲೆಲ್ಲ ಅವನದು ಒಂದೇ ರಾಗ: ಆ ಲಾಂಡ್ರಿ ಮುಚ್ಚು, ಗಂಡ ಹೆಂಡತಿ ಇಬ್ಬರೂ ನಮ್ಮ ಹೋಟೆಲಿಗೆ ಬನ್ನಿ, ನೆಲಮಾಳಿಗೆಯ ಮಷೀನುಗಳ ಹತ್ತಿರ ಕೆಲಸಕ್ಕೆ ನಾನು ಸೇರಿಸುತ್ತೇನೆ. ಆ ನೆಲಮಾಳಿಗೆಯನ್ನು ಅವಳು ಒಮ್ಮೆ ನೋಡಿದ್ದಳು. ಕಿಟಕಿಯೇ ಇಲ್ಲ. ಮೇಲೆ ಬಿಸಿಲೋ ಮಳೆಯೋ ಹಗಲೋ ರಾತ್ರಿಯೋ ಒಂದೂ ತಿಳಿಯದ ಜಾಗ. ದಿನಾ ಆಕಾಶವನ್ನು ಬೈಯುವವಳಿಗೆ ಅದು ಸ್ವರ್ಗ ಅನ್ನಿಸಬೇಕಿತ್ತು. ಅವಳಿಗೆ ಉಸಿರು ಕಟ್ಟಿತ್ತು.

"ನಮ್ಮ ಮಷೀನು ಕೆಟ್ಟು ಕೂತಿದೆ," ಎಂದ ಅಣ್ಣ. "ನಾಳೆ ಸಂಜೆ ದೊಡ್ಡ ಔತಣ. ಬಿಳೀ ಮೇಜುಬಟ್ಟೆಗಳು, ಗಂಜಿ ಹಾಕಿ ಖಡಕ್ಕಾಗಿ ಬರ್ಬೇಕು. ಮಾಡ್ತೀಯಾ?"

"ಮಾಡ್ತೀನಿ."

"ನಿನ್ನ ಆಕಾಶನ ಒಂದ್ಸಲ ಕೇಳ್ಕೊಂಡು ಹೇಳು."

"ಮಾಡ್ತೀನಿ ಅಂದ್ನಲ್ಲಣ್ಣ."

"ಹಾಗಾದ್ರೆ ಒಂದು ಮಾತು. ಇದು ಸರಿಯಾಗಿ ಬಂದ್ರೆ ಇನ್ನು ಜನ್ಮದಲ್ಲಿ ಲಾಂಡ್ರಿ ಮುಚ್ಚು ಅಂತ ನಾನು ಬಾಯಿ ಬಿಡಲ್ಲ. ತಪ್ಪಿದ್ರೆ ಒಂದನೇ ತಾರೀಖಿಂದ ಇಬ್ಬರೂ ನೆಲಮಾಳಿಗೆಗೆ ಬರ್ಬೇಕು. ಒಪ್ಪಿಗೆಯಾ?"

ಒಪ್ಪಿಗೆ ಎಂದಳು. ಹಟಕ್ಕೆ ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಫೋನು ಇಟ್ಟ ಮೇಲೆ ಹೆದರಿಕೆ ಶುರುವಾಯಿತು. ಯಾಕೆಂದರೆ ಸಾದಾ ಬಟ್ಟೆಯ ಮೇಲೆ ಮಳೆ ಬಿದ್ದರೆ ಮತ್ತೆ ಹಿಂಡಿ ಹಾಕಬಹುದು. ಗಂಜಿ ಹಾಕಿದ ಬಟ್ಟೆಯ ಮೇಲೆ ನಾಲ್ಕು ಹನಿ ಬಿದ್ದರೂ ಕಲೆ ನಿಲ್ಲುತ್ತದೆ, ಮೊದಲಿನಿಂದ ಒಗೆಯಬೇಕು, ಮೊದಲಿನಿಂದ ಗಂಜಿ. ಅದಕ್ಕೆ ಒಂದೇ ದಿನದಲ್ಲಿ ಎರಡು ಸಲ ಒಣಗಲು ಬೇಕಾದ ಬಿಸಿಲು ಕೊಡುವಷ್ಟು ಉದಾರಿ ಅಲ್ಲ ಆ ಆಕಾಶ.

ಮಾರನೆಯ ದಿನ ಬೆಳಕು ಹರಿಯುವುದರೊಳಗೆ ಮೇಜುಬಟ್ಟೆಗಳೆಲ್ಲ ಹಗ್ಗ ಏರಿದವು. ತಾರಸಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ತಿಂಡಿಯ ಹೊತ್ತಿಗೆ ಬಾಗಿಲಲ್ಲಿ ಮೋಡ ಬಂತು. ಗಂಡ ಹೊಗೆ ನೋಡಿ ಕೆಮ್ಮಿದ, ಮಗಳು ಫೋನು ನೋಡಿ ಸುಮ್ಮನಾದಳು. "ಮಳೆ," ಎಂದಳು ಮೋಡದಕ್ಕ. ಏರಿದಳು, ಎಲ್ಲವನ್ನೂ ಗೂಡಿಗೆ ತುಂಬಿದಳು. ಬಿಸಿಲು ಬಂತು. ಎಲ್ಲವನ್ನೂ ಮತ್ತೆ ಹಾಕಿದಳು. ಸ್ವಲ್ಪ ಹೊತ್ತಿಗೆ ಗಾಳಿ ಎದ್ದು ಮತ್ತೆ ಕಪ್ಪಾಯಿತು. ಮತ್ತೆ "ಮಳೆ," ಮತ್ತೆ ಏರಾಟ, ಮತ್ತೆ ಬಿಸಿಲು. ಮೂರನೇ ಸಲವೂ ಹಾಗೇ. ತೋಳಿನ ತುಂಬ ಬಟ್ಟೆ ಹಿಡಿದು ಸುಡುವ ಬಿಸಿಲಿನಲ್ಲಿ ನಿಂತಿದ್ದವಳನ್ನು ನೋಡಿ ಬೇಕರಿಯವನು ಕೆಳಗಿನಿಂದ ಕೂಗಿದ: "ಮೋಡದಕ್ಕ, ಇವತ್ತು ಇದು ಎಷ್ಟನೇ ಮಳೆ?"

ಎಲ್ಲ ಮತ್ತೆ ಹಗ್ಗಕ್ಕೆ ಹಾಕಿ ಕೆಳಗೆ ಬಂದರೆ ಗಂಡನ ತುಟಿಯಲ್ಲೂ ನಗು. ಅವನು ಅದನ್ನು ಮುಚ್ಚುವುದಕ್ಕೆ ಒಂದು ಅಂಗಿಯ ಕಾಲರನ್ನು ಎರಡನೇ ಸಲ ಇಸ್ತ್ರಿ ಮಾಡುತ್ತಿದ್ದ.

"ನಗಿ, ನಗಿ," ಎಂದಳು ಅವಳು. "ಇನ್ನು ಆ ಮಾತು ನನ್ನ ಬಾಯಲ್ಲಿ ಬಂದ್ರೆ ಕೇಳಿ. ಕೊಚ್ಚಿಕೊಂಡು ಹೋದ್ರೂ ಹೇಳಲ್ಲ. ನಿಮಗೂ ಕಣ್ಣಿದೆ, ನಿಮಗೂ ಕಾಲಿದೆ, ನಿಮಗೂ ಬಾಯಿದೆ."

ಆ ಹೊತ್ತಿಗೇ ಮತ್ತೆ ಅಣ್ಣನ ಫೋನು. ಹೋಟೆಲಿನಲ್ಲಿ ಬಟ್ಟೆ ಮಡಿಸುವ ಕ್ರಮ ಬೇರೆಯಂತೆ, ಬಂದು ನೋಡಿಕೊಂಡು ಹೋಗಬೇಕಂತೆ. ಫೋನಿನಲ್ಲೇ ಹೇಳಬಾರದೇ ಎಂದರೆ, ಕಣ್ಣಲ್ಲಿ ನೋಡದೆ ತಿಳಿಯುವುದಿಲ್ಲ ಎಂದ. ಅವಳು ಚಪ್ಪಲಿ ಮೆಟ್ಟಿ ಹೊರಟಳು. "ಮೇಲೆ ಒಂದು ಕಣ್ಣಿಟ್ಟಿರಿ," ಎಂದು ಗಂಡನಿಗೆ ಹೇಳಿದಳೇ ಹೊರತು ಆ ಮಾತು ಆಡಲಿಲ್ಲ. ಆಕಾಶ ನೀಲಿಯಾಗಿತ್ತು, ತಾನೇನೂ ಅರಿಯದ ಕೂಸು ಎನ್ನುವ ಹಾಗೆ.

ಹೋಟೆಲಿನಲ್ಲಿ ಅಣ್ಣ ಅವಳನ್ನು ಕಾಯಿಸಿದ. ಆಮೇಲೆ ಒಂದು ಮೇಜುಬಟ್ಟೆ ತರಿಸಿ, ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಎರಡು, ಅಂಚು ಒಳಗೆ ಎಂದು ನಿಧಾನವಾಗಿ ತೋರಿಸಿದ. ಅವಳು ಹುಟ್ಟಿನಿಂದ ಇವತ್ತೇ ಬಟ್ಟೆ ನೋಡುತ್ತಿದ್ದಾಳೆ ಎನ್ನುವ ಹಾಗೆ ಎರಡು ಸಲ ತೋರಿಸಿದ. ಅವನ ಬೆನ್ನ ಹಿಂದೆ ಗೋಡೆಯಗಲದ ಗಾಜು. ಗಾಜಿನಾಚೆ ಊರಿನ ಅರ್ಧ ಆಕಾಶ ಮಸಿ ಬಳಿದಂತಾಗಿದ್ದನ್ನು ಅವಳು ನೋಡಿದಳು.

"ಗೊತ್ತಾಯ್ತಣ್ಣ, ಬರ್ತೀನಿ."

"ಕಾಫಿ ಕುಡ್ಕೊಂಡು ಹೋಗೇ."

"ಬೇಡ."

ಬಸ್ಸು ಹತ್ತಿದಳು. ಬಸ್ಸು ಎರಡು ಸ್ಟಾಪು ಸಾಗಿ ಟ್ರಾಫಿಕ್ಕಿನಲ್ಲಿ ನಿಂತಿತು. ಕಿಟಕಿಯಿಂದ ಆ ಎರಡು ಎತ್ತರದ ಕಟ್ಟಡಗಳು ಕಾಣುತ್ತಿದ್ದವು, ಅವುಗಳ ನಡುವಿನ ಸಂದು ಮುಚ್ಚಿಹೋಗಿತ್ತು. ಇಷ್ಟು ಕಪ್ಪು ಮೋಡ ಇಣುಕಿ ವಾಪಸ್ ಹೋಗುವ ಜಾತಿಯಲ್ಲ. ಫೋನು ಕೈಯಲ್ಲಿತ್ತು, ಗಂಡನ ನಂಬರು ಪರದೆಯ ಮೇಲಿತ್ತು. ಒತ್ತಿ ಒಂದು ಶಬ್ದ ಹೇಳಿದರೆ ಸಾಕು. ಅವಳ ಬೆರಳು ಹಾಗೇ ನಿಂತಿತು. ಕೊಚ್ಚಿಕೊಂಡು ಹೋದರೂ ಹೇಳಲ್ಲ ಎಂದು ಬೆಳಿಗ್ಗೆ ತಾನೇ ಅಂದಿದ್ದಳು. ಅವರಿಗೂ ಕಣ್ಣಿದೆಯಲ್ಲ, ಎಂದುಕೊಂಡಳು. ಹಗ್ಗದ ಮೇಲೆ ಏನಿದೆ, ಯಾಕಿದೆ ಎಂದು ಅವರಿಗೂ ಗೊತ್ತಿದೆಯಲ್ಲ. ಎಲ್ಲದಕ್ಕೂ ನಾನೇ ಬಾಯಿ ಬಿಡಬೇಕೇ? ಮುಂದಿನ ಸ್ಟಾಪು ಬರುವಷ್ಟರಲ್ಲಿ ತನ್ನ ಮೇಲೇ ಅಸಹ್ಯ ಬಂದು ನಂಬರು ಒತ್ತಿದಳು. ಅಷ್ಟು ಹೊತ್ತಿಗೆ ಎಲ್ಲೋ ಗುಡುಗಿ, ಲೈನು ಸಿಗಲಿಲ್ಲ.

ಅವಳ ಸ್ಟಾಪಿನಲ್ಲಿ ಇಳಿದಾಗ ಮೊದಲ ಹನಿ ಹಣೆಯ ಮೇಲೆ ಬಿತ್ತು. ಬೀದಿಯ ತಿರುವಿಗೆ ಬರುವಷ್ಟರಲ್ಲಿ ಮಳೆ ಬಕೆಟ್ಟಿನಲ್ಲಿ ಎತ್ತಿ ಸುರಿದಂತೆ ಸುರಿಯುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಮುಗಿಯಿತು, ನೆಲಮಾಳಿಗೆಯೇ ಗತಿ, ಎಂದು ಓಡುತ್ತ ಅಂದುಕೊಂಡಳು. ಅಣ್ಣನ ಮುಖ ಕಣ್ಣ ಮುಂದೆ ಬಂತು. ಅವನು ಬೈಯುವುದಿಲ್ಲ, ಪಾಪ ಎನ್ನುತ್ತಾನೆ, ಅದೇ ತಡೆಯುವುದಕ್ಕಾಗದ್ದು.

ಅಂಗಡಿಯಲ್ಲಿ ಗಂಡ ಇಸ್ತ್ರಿ ಹಾಕುತ್ತ ನಿಂತಿದ್ದ. ಮಳೆಯ ಸದ್ದಿನಲ್ಲಿ, ಆರಾಮವಾಗಿ.

"ಮೇಜುಬಟ್ಟೆ?" ಎಂದಳು. ಉಸಿರು ಸಿಗುತ್ತಿರಲಿಲ್ಲ.

"ಮಗಳು ಆಗ್ಲೇ ಹೋದ್ಲಲ್ಲ ಮೇಲೆ," ಎಂದ ಅವನು. "ಮಳೆ ಶುರು ಆಗೋಕೆ ಎಷ್ಟೋ ಮುಂಚೆ ಮೆಟ್ಟಿಲ ಮೇಲೆ ಸದ್ದು ಕೇಳಿಸ್ತು. ನಾನೂ ಹೋಗೋಣ ಅಂದ್ಕೊಂಡೆ, ಅವಳೇ ಹೋದ್ಲಲ್ಲ ಅಂತ ಸುಮ್ನಾದೆ."

ಮೋಡದಕ್ಕ ಮೆಟ್ಟಿಲು ಹತ್ತಿ ನಡುವಿನ ಕೋಣೆಗೆ ಬಂದಳು. ಮಗಳು ಹಾಸಿಗೆಯ ಮೇಲೆ ಕಾಲು ಮಡಚಿ ಕೂತಿದ್ದಳು.

"ನೀನು ಇಲ್ಲೇ ಇದ್ದೀಯಾ?"

"ಯಾಕೆ? ಅಪ್ಪ ಹೋದ್ರಲ್ಲ ಮೇಲೆ. ಸದ್ದು ಕೇಳಿಸ್ತು," ಎಂದಳು ಮಗಳು. "ಇವತ್ತು ಅಪ್ಪ ಯಾಕೋ ತುಂಬ ನಿಧಾನ ಹತ್ತಿದ್ರು. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು."

ಹಿಂದೆಯೇ ಬಂದ ಗಂಡ ಬಾಗಿಲಲ್ಲಿ ನಿಂತಿದ್ದ. ಅವನ ಕೈಯಲ್ಲಿ ಇನ್ನೂ ಯಾರದೋ ಅಂಗಿ ಇತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮೂವರೂ ಒಟ್ಟಿಗೆ ಪಕ್ಕದ ಕೋಣೆಯ ಕಿಟಕಿಯ ಕಡೆ ನೋಡಿದರು. ಮಂಚ ಖಾಲಿಯಾಗಿತ್ತು. ಹೊದಿಕೆ ಮಡಿಸಿ ಕಾಲ ಕಡೆ ಇಟ್ಟಿತ್ತು.

"ಅಜ್ಜಿ ಆಗ ಏನೋ ಅಂದ್ರು," ಎಂದಳು ಮಗಳು. ದನಿ ಇಳಿದುಹೋಗಿತ್ತು. "ಮಳೆ ಬರುತ್ತೆ ಅಂದ್ರು. ನಾನು ಕೇಳಿಸ್ಕೊಂಡೆ. ಅಜ್ಜಿ ಹೇಳಿದ್ದು ಲೆಕ್ಕಕ್ಕಿಲ್ಲ ಅಂತ ನೀನೇ ತಾನೇ ಅಮ್ಮ..."

ಮೋಡದಕ್ಕ ಆ ಮಾತು ಮುಗಿಯುವ ತನಕ ನಿಲ್ಲಲಿಲ್ಲ. ಕೋತಿಗಳಿಗೆ ಕಟ್ಟಿದ ಆ ಮೆಟ್ಟಿಲುಗಳನ್ನು ಹೇಗೆ ಹತ್ತಿದಳೋ ಅವಳಿಗೇ ತಿಳಿಯಲಿಲ್ಲ. ಗೋಡೆಯ ಮೇಲೆ ಉದ್ದಕ್ಕೂ ಕೈ ಊರಿದ ಗುರುತಿತ್ತು, ಸುಣ್ಣ ಉದುರಿತ್ತು. ನಡುವೆ ಒಂದು ಮೆಟ್ಟಿಲ ಮೇಲೆ ಅತ್ತೆಯ ಒಂದು ಚಪ್ಪಲಿ ಬಿದ್ದಿತ್ತು.

ತಗಡಿನ ಗೂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲದಿಂದ ಎದೆಯೆತ್ತರದ ತನಕ ಮೇಜುಬಟ್ಟೆಗಳು, ಒಂದರ ಮೇಲೊಂದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಮೋಡದಕ್ಕ ಕೈ ಇಟ್ಟು ನೋಡಿದಳು. ಒಣಗಿದ್ದವು. ಗಂಜಿ ಖಡಕ್ಕಾಗಿ ಕೂತಿತ್ತು. ಒಂದು ಹನಿಯ ಕಲೆಯೂ ಇರಲಿಲ್ಲ.

ಗೂಡಿನಾಚೆ, ಸುರಿಯುವ ಮಳೆಯಲ್ಲಿ, ಕೊನೆಯ ಹಗ್ಗದ ಕೆಳಗೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಅತ್ತೆ ಕೂತಿದ್ದರು. ಉಳಿದ ಎರಡು ಬಟ್ಟೆ ತೊಡೆಯ ಮೇಲೆ ನೆನೆಯುತ್ತಿದ್ದವು. ಎಡಗಾಲು ಮುಂದಕ್ಕೆ ನೆಟ್ಟಗೆ ಚಾಚಿತ್ತು, ಮಂಡಿ ಊದಿತ್ತು. ಬಿಳಿ ಕೂದಲಿನಿಂದ ನೀರು ಇಳಿಯುತ್ತಿತ್ತು.

"ಅತ್ತೆ, ಇದೇನು ಮಾಡ್ಕೊಂಡ್ರಿ," ಎಂದಳು ಮೋಡದಕ್ಕ. ಸಿಟ್ಟಿನಿಂದ ಕೇಳಬೇಕೆಂದುಕೊಂಡವಳಿಗೆ ಅಳು ಬಂತು. "ಕೂಗಬಾರದಿತ್ತಾ?"

"ಕೂಗ್ದೆ. ಈ ತಗಡಿನ ಸದ್ದಲ್ಲಿ ನನಗೇ ಕೇಳಿಸ್ಲಿಲ್ಲ. ಕೊನೇ ಹಗ್ಗಕ್ಕೆ ಬಂದಾಗ ಮಂಡಿ ನಿಂತುಬಿಡ್ತು. ಇವೆರಡು ಹೋದ್ವು, ನೋಡು."

"ಹೋಗ್ಲಿ ಬಿಡಿ ಅತ್ತೆ, ಎರಡೇ ತಾನೇ, ಮತ್ತೆ ಒಗ್ದು ಇಸ್ತ್ರೀಲೇ ಒಣಗಿಸ್ತೀನಿ. ಮಂಡಿ ಚುಚ್ತು ಅಂತ ಹತ್ತಿದ್ರಾ?"

"ಮಂಡಿ ಏನೂ ಹೇಳ್ಲಿಲ್ಲ, ಹಾಳಾದ್ದು. ಕಿಟಕೀಲಿ ನೋಡ್ದೆ, ಬಾಗಿಲು ಕಪ್ಪಗಾಗಿತ್ತು. ಮಳೆ ಬರುತ್ತೆ ಅಂತ ಹೇಳ್ದೆ. ಹೇಳಿದವರೇ ಏರ್ಬೇಕು ಅಂತ ತಾನೇ ನಿನ್ನ ಕಾನೂನು?"

"ನಿಮ್ಮದು ಲೆಕ್ಕಕ್ಕಿಲ್ಲ ಅಂದಿದ್ನಲ್ಲ."

"ಅದಕ್ಕೇ ಹತ್ತಿದೆ," ಎಂದರು ಅತ್ತೆ. "ಹತ್ತಿದ್ರೆ ಲೆಕ್ಕಕ್ಕೆ ಬರುತ್ತಲ್ಲ."

ಅವತ್ತು ಉಳಿದುಹೋದ ಮಾತು ಮೋಡದಕ್ಕನ ಬಾಯಿಯ ತನಕ ಬಂದು ಮತ್ತೆ ನಿಂತಿತು. ಬಗ್ಗಿ ಅತ್ತೆಯ ಮುಖದ ಮೇಲಿನ ನೀರು ಒರೆಸಿದಳು. ಒರೆಸಿದಷ್ಟೂ ಮತ್ತೆ ಸುರಿಯುತ್ತಿತ್ತು.

"ಏಳಿ ಅತ್ತೆ," ಎಂದಳು. "ಮಳೆ ಬರ್ತಿದೆ."

ಅತ್ತೆ ತಲೆಯೆತ್ತಿ ಅವಳನ್ನು ನೋಡಿದರು. ಒದ್ದೆ ಮುಖದಲ್ಲಿ ಸಣ್ಣಗೆ ನಗು ಬಂತು.

"ಈಗ ಹೇಳಿದ್ದು ನೀನು," ಎಂದರು. "ಮೇಲಿರೋದನ್ನೆಲ್ಲ ನೀನೇ ಇಳಿಸ್ಬೇಕು."

ಗೂಡಿನ ಬಾಗಿಲಲ್ಲಿ ನಿಂತಿದ್ದ ಗಂಡ, "ನಾನು ಹೊತ್ಕೋತೀನಿ," ಎಂದು ಮುಂದೆ ಬಂದ. ಮಗಳೂ ಬಂದಳು.

"ನೀವಿಬ್ಬರೂ ಬಟ್ಟೆ ತಗೊಂಡು ಇಳೀರಿ. ಮೂರು ಮಡಿಕೆ, ಅಂಚು ಒಳಗೆ," ಎಂದಳು ಮೋಡದಕ್ಕ. "ಹೇಳಿದವಳು ನಾನು."

ಅತ್ತೆಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂತಳು. ಒದ್ದೆ ಕೈಗಳೆರಡು ಅವಳ ಕೊರಳು ಬಳಸಿದವು. ಎದ್ದು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ಅರ್ಧ ದಾರಿಗೆ ಬರುವಷ್ಟರಲ್ಲಿ ತಗಡಿನ ಮೇಲಿನ ಸದ್ದು ಥಟ್ಟನೆ ನಿಂತಿತು. ಮೇಲಿನ ಬಾಗಿಲಿನಿಂದ ಬೆಳಕು ಮೆಟ್ಟಿಲ ಮೇಲೆ ಬಂದು ಬಿತ್ತು.

"ಬಿಸಿಲು ಬಂತು ಕಣೇ," ಎಂದರು ಅತ್ತೆ, ಅವಳ ಕಿವಿಯ ಹತ್ತಿರ.

"ಬರ್ಲಿ ಬಿಡಿ," ಎಂದಳು ಮೋಡದಕ್ಕ. ಅವಳು ಮೇಲೆ ನೋಡಲಿಲ್ಲ. ಅವಳ ಕಣ್ಣು ಮುಂದಿನ ಮೆಟ್ಟಿಲ ಮೇಲಿತ್ತು.